ಹೊಂಡದ ಜಿಲೇಬಿ ಮೀನು ಸಾಯ್ತಿವೆ, ಅಂಗಡಿಯವರು ವೈರಸ್ ಅಂತಾರೆ. ನಿಜವಾ ಅಂತ ತಿಳಿಯೋದು ಹೇಗೆ?

ಅಡಿಕೆತೋಟ_ಮೀನು (ಚನ್ನಗಿರಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ತೋಟದ ಕೃಷಿ ಹೊಂಡದಲ್ಲಿ ಗಿಫ್ಟ್ ತಳಿಯ ತಿಲಾಪಿಯಾ, ಅಂದರೆ ಜಿಲೇಬಿ ಮೀನು ಬಿಟ್ಟಿದ್ದೇನೆ. ಮರಿ ಹೊರ ರಾಜ್ಯದ ಹ್ಯಾಚರಿಯಿಂದ ಬಂದಿದ್ದು. ಬಿಟ್ಟು ಇನ್ನೂ ತಿಂಗಳು ತುಂಬಿಲ್ಲ. ಈಗ ದಿನಾ ಬೆಳಿಗ್ಗೆ ಒಂದಷ್ಟು ಸತ್ತು ತೇಲುತ್ತಿವೆ, ದಿನದಿಂದ ದಿನಕ್ಕೆ ಜಾಸ್ತಿ ಆಗ್ತಿದೆ. ಬದುಕಿರುವವೂ ಮೇವು ಮುಟ್ಟುತ್ತಿಲ್ಲ. ದಡದ ಹತ್ತಿರ ಮಂಕಾಗಿ ನಿಂತಿರುತ್ತವೆ. ಮೈಮೇಲೆ ಅಲ್ಲಲ್ಲಿ ಕೆಂಪು, ಕೆಲವಕ್ಕೆ ಕಣ್ಣಿಗೆ ಪೊರೆ ಬಂದ ಹಾಗೆ ಬಿಳುಪು, ಕೆಲವಕ್ಕೆ ಹೊಟ್ಟೆ ಉಬ್ಬಿದೆ.

ಮೇವಿನ ಅಂಗಡಿಯವರು ಮೊಬೈಲಿನಲ್ಲಿ ಫೋಟೋ ನೋಡಿ "ಇದು ವೈರಸ್ಸೇ" ಅಂದರು. ಎರಡು ಡಬ್ಬಿ ವೈರಸ್ ಔಷಧಿ, ಜೊತೆಗೆ ಮೇವಿಗೆ ಕಲಸಲು ಆಂಟಿಬಯೋಟಿಕ್ ಪುಡಿ ಕೊಟ್ಟಿದ್ದಾರೆ. ದುಡ್ಡು ಕೊಟ್ಟಾಗಿದೆ, ಇನ್ನೂ ಹಾಕಿಲ್ಲ. ಹಾಕೋದಾ ಬೇಡವಾ? ಫೋಟೋ ನೋಡಿ ವೈರಸ್ ಅಂತ ಹೇಳೋಕೆ ಆಗುತ್ತಾ?

ನೀರಗಂಟಿ (ದಾವಣಗೆರೆ)

ಹಾಕಬೇಡಿ. ಮೊದಲು ಆಮ್ಲಜನಕ ನೋಡಿ. ಈಗೀಗ ಒಂದು ಮೀನು ಸತ್ತರೂ ವೈರಸ್ ಅನ್ನೋದು ಫ್ಯಾಷನ್ ಆಗಿದೆ. ನಮ್ಮ ಕಡೆ ಹೊಂಡಗಳಲ್ಲಿ ನಾನು ನೋಡಿದ ಸಾವು ಬಹುಪಾಲು ನೀರಿನ ತೊಂದರೆಯದ್ದೇ. ಪಾಚಿ ಹಸಿರುಗಟ್ಟಿದ ಹೊಂಡದಲ್ಲಿ ಹಗಲು ಆಮ್ಲಜನಕ ಬೇಕಾದಷ್ಟು ಇರುತ್ತೆ. ರಾತ್ರಿ ಆ ಪಾಚಿಯೇ ಅದನ್ನು ಎಳೆದುಕೊಳ್ಳುತ್ತೆ. ಬೆಳಗಿನ ಜಾವಕ್ಕೆ ಲೀಟರಿಗೆ 3 ಮಿಲಿಗ್ರಾಂಗಿಂತ ಕೆಳಗೆ ಇಳಿದರೆ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಮೋಡ ಮುಚ್ಚಿದ ದಿನದ ಮಾರನೆ ಬೆಳಿಗ್ಗೆ ಇದು ಇನ್ನೂ ಜಾಸ್ತಿ.

ಇನ್ನೊಂದು ಕೇಳ್ತೀನಿ. ಮೇಲ್ಗಡೆ ಭತ್ತದ ಗದ್ದೆ ಇದೆಯಾ? ಭದ್ರಾ ಚಾನೆಲ್ ನೀರು ಬಿಟ್ಟ ಮೇಲೆ ಗದ್ದೆಯ ಬಸಿನೀರಿನ ಜೊತೆ ಹುಳದ ಔಷಧಿಯೂ ಇಳಿದು ಬರುತ್ತೆ.

ಅಡಿಕೆತೋಟ_ಮೀನು

ಗದ್ದೆ ಇಲ್ಲ ಅಣ್ಣ, ಸುತ್ತಲೂ ಅಡಿಕೆಯೇ. ಬೋರ್‌ವೆಲ್ ನೀರು. ನೀರಿಗೆ ಗಾಳಿ ಸೇರಿಸೋ ಏರೇಟರ್ ರಾತ್ರಿ ಪೂರ್ತಿ ಓಡುತ್ತೆ, ಕರೆಂಟ್ ಇದ್ದಾಗ. ಬಾಯಿ ಬಿಡೋದು ಕಾಣಲಿಲ್ಲ. ಅದೇ ಹೊಂಡದಲ್ಲಿ ಸ್ವಲ್ಪ ಕಾಟ್ಲಾ, ರೋಹು ಇವೆ. ಅವಕ್ಕೆ ಏನೂ ಆಗಿಲ್ಲ, ಚೆನ್ನಾಗಿ ಮೇವು ತಿಂತಿವೆ. ಸಾಯ್ತಿರೋದು ಜಿಲೇಬಿ ಮಾತ್ರ.

ಸೂಕ್ಷ್ಮದರ್ಶಕ (ಚಿತ್ರದುರ್ಗ)

ನಿಮ್ಮ ಕೊನೆಯ ಎರಡು ಸಾಲು ಮೊದಲೇ ಬರೆದಿದ್ದರೆ ನೀರಗಂಟಿಯವರಿಗೆ ಅಷ್ಟು ಟೈಪ್ ಮಾಡೋ ಕೆಲಸ ತಪ್ಪುತ್ತಿತ್ತು. ನಾನು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದವಳು, ಮೀನಿನ ರೋಗಗಳ ಲ್ಯಾಬ್ ಕೆಲಸ ಗೊತ್ತು.

ಆಮ್ಲಜನಕ ಕಡಿಮೆಯಾದರೆ ಮೊದಲು ಹೋಗೋದು ಕಾಟ್ಲಾ. ಜಿಲೇಬಿ ಗಟ್ಟಿ ಜೀವ, ಕೊಚ್ಚೆಯಲ್ಲೂ ಬದುಕುತ್ತೆ. ನೀರು ಕೆಟ್ಟರೆ ಹೊಂಡದ ಎಲ್ಲ ಜಾತಿಗೂ ಪೆಟ್ಟು ಬೀಳುತ್ತೆ, ಸಾವು ಒಂದೇ ರಾತ್ರಿಯಲ್ಲಿ ರಾಶಿ ಬೀಳುತ್ತೆ. ಇಲ್ಲಿ ಹಾಗಿಲ್ಲ. ಒಂದೇ ಜಾತಿ ಸಾಯ್ತಿದೆ, ದಿನಾ ಏರ್ತಿದೆ, ಮರಿ ತಂದು ತಿಂಗಳೊಳಗೆ ಶುರುವಾಗಿದೆ. ಇದು ಸೋಂಕಿನ ನಡಿಗೆ. ಆದರೆ ಸೋಂಕು ಅಂದ ತಕ್ಷಣ ವೈರಸ್ ಅಂತಲ್ಲ.

ತಿಲಾಪಿಯಾದಲ್ಲಿ ಹೀಗೆ ಕಾಣುವ ಎರಡು ಕಾಯಿಲೆ ಮುಖ್ಯ. ಒಂದು ಸ್ಟ್ರೆಪ್ಟೋಕಾಕಸ್, ಅದು ಬ್ಯಾಕ್ಟೀರಿಯಾ. ಸೆಕೆಗಾಲದಲ್ಲಿ ಜಾಸ್ತಿ, ಹೆಚ್ಚಾಗಿ ದೊಡ್ಡ ಮೀನಿಗೆ ಬರುತ್ತೆ, ಕಣ್ಣು ಹೊರಗೆ ಉಬ್ಬುತ್ತೆ, ಮೀನು ಗಿರಗಿರ ಸುತ್ತುತ್ತೆ. ಇನ್ನೊಂದು ತಿಲಾಪಿಯಾ ಲೇಕ್ ವೈರಸ್. ಇದಕ್ಕೂ ಕಣ್ಣು ಮಂಜಾಗುತ್ತೆ, ಚರ್ಮ ಕೆಂಪಾಗಿ ಕಿತ್ತು ಬರುತ್ತೆ, ಹೊಟ್ಟೆ ಉಬ್ಬುತ್ತೆ, ಕಿವಿರು ಬಿಳಿಚಿಕೊಳ್ಳುತ್ತೆ. ಎರಡೂ ಒಟ್ಟಿಗೆ ಬರೋದೂ ಉಂಟು. ಹಾಗಾಗಿ ಫೋಟೋ ನೋಡಿ ಯಾರಾದರೂ ಖಚಿತವಾಗಿ ಹೇಳಿದರೆ ಅವರು ಡಬ್ಬಿ ಮಾರುತ್ತಿದ್ದಾರೆ ಅಂತಲೇ ಅರ್ಥ.

ಥಾಯ್ಲೆಂಡಿನಲ್ಲಿ ಹ್ಯಾಚರಿಯಿಂದ ತಂದ ಮರಿ ಪಂಜರಕ್ಕೆ ಬಿಟ್ಟ ಒಂದು ತಿಂಗಳೊಳಗೆ ಸಾಯೋದನ್ನು ರೈತರು 'ಒಂದು ತಿಂಗಳ ಸಾವು' ಅಂತಲೇ ಕರೀತಿದ್ದರು. ಆಮೇಲೆ ಪರೀಕ್ಷೆ ಮಾಡಿದಾಗ ಹಲವು ಕಡೆ ಈ ವೈರಸ್ ಸಿಕ್ಕಿತು. ನಿಮ್ಮ ಲೆಕ್ಕ ಅದಕ್ಕೆ ಹೊಂದುತ್ತೆ. ಅಷ್ಟು ಮಾತ್ರ ಹೇಳಬಲ್ಲೆ, ಉಳಿದದ್ದು ಲ್ಯಾಬ್ ಹೇಳಬೇಕು.

ನೀರಗಂಟಿ

ಸರಿ ಮೇಡಂ, ಕಾಟ್ಲಾ ವಿಷಯ ಒಪ್ಪಿದೆ. ಆದರೆ ಇಸ್ರೇಲ್ ವೈರಸ್ ಅಂತೆ ಇದು. ಅಲ್ಲಿಂದ ಚನ್ನಗಿರಿ ಅಡಿಕೆ ತೋಟಕ್ಕೆ ನಡ್ಕೊಂಡು ಬಂತಾ?

ಸೂಕ್ಷ್ಮದರ್ಶಕ

ಪಾಲಿಥಿನ್ ಚೀಲದಲ್ಲಿ ಬರುತ್ತೆ, ಆಮ್ಲಜನಕ ತುಂಬಿಸಿಕೊಂಡು, ರಾತ್ರಿ ಬಸ್ಸಿನಲ್ಲಿ.

ತಮಾಷೆ ಅಲ್ಲ. 2009ರ ಸುಮಾರಿಗೆ ಇಸ್ರೇಲಿನ ಗಲಿಲೀ ಸರೋವರದಲ್ಲಿ, ಸುತ್ತಲಿನ ಹೊಂಡಗಳಲ್ಲಿ ತಿಲಾಪಿಯಾ ರಾಶಿ ರಾಶಿ ಸತ್ತವು. ಇಂಥ ವೈರಸ್ಸೇ ಅಂತ ಗುರುತಾಗಿದ್ದು 2014ರಲ್ಲಿ. ನಡುವಿನ ಆ ವರ್ಷಗಳಲ್ಲಿ ಮರಿಗಳ ವ್ಯಾಪಾರವೇನೂ ನಿಂತಿರಲಿಲ್ಲ. ಆಮೇಲೆ ನೋಡಿದರೆ ಈಕ್ವೆಡಾರ್, ಈಜಿಪ್ಟ್, ಥಾಯ್ಲೆಂಡ್ ಎಲ್ಲ ಕಡೆ ಇದೆ. 2017ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಲ್ಲ ದೇಶಗಳಿಗೂ ಎಚ್ಚರಿಕೆ ಕೊಟ್ಟಿತು. 2018ರಲ್ಲಿ ಭಾರತದಲ್ಲೂ ಇದೆ ಅಂತ ನಮ್ಮ ವಿಜ್ಞಾನಿಗಳು ವರದಿ ಮಾಡಿದರು.

ಇದು ಆರ್‌ಎನ್‌ಎ ವೈರಸ್, ಅಂದರೆ ಅದರ ವಂಶವಾಹಿ ಆರ್‌ಎನ್‌ಎ ರೂಪದಲ್ಲಿ ಹತ್ತು ತುಂಡುಗಳಾಗಿ ಇರುತ್ತೆ. ಒಂದೇ ನೀರಿನಲ್ಲಿ ಇದ್ದರೆ ಮೀನಿನಿಂದ ಮೀನಿಗೆ ಹರಡುತ್ತೆ. ತಾಯಿ ಮೀನಿನಿಂದ ಮೊಟ್ಟೆಗೆ, ಮರಿಗೆ ದಾಟುತ್ತೆ ಅನ್ನೋದೂ ಪ್ರಯೋಗದಲ್ಲಿ ಕಂಡಿದೆ. ಅಂದರೆ ಹ್ಯಾಚರಿಯ ತಾಯಿ ಮೀನು ನೋಡೋಕೆ ದಷ್ಟಪುಷ್ಟವಾಗಿದ್ದರೂ ಮರಿಯ ಜೊತೆ ವೈರಸ್ ಬರಬಹುದು. ಹೊಂಡದ ನೀರು, ಏರೇಟರ್, ಮೇವು ಎಲ್ಲ ಚೆನ್ನಾಗಿ ನೋಡಿಕೊಂಡ ರೈತ ಕೂಡ ಇಲ್ಲಿ ಸಿಕ್ಕಿ ಬೀಳ್ತಾನೆ, ಯಾಕೆಂದರೆ ಕಾಯಿಲೆ ಬಂದಿದ್ದು ಅವನು ದುಡ್ಡು ಕೊಟ್ಟು ತಂದ ಮರಿಯಲ್ಲೇ.

ಬಲೆ_ತೆಪ್ಪ (ಹರಿಹರ)

ನಾವು ಹೊಳೆ ಮೀನು ಹಿಡಿಯೋ ಜನ. ನಮ್ಮಪ್ಪ ಹೇಳ್ತಿದ್ದರು, ಒಂದು ಕಾಲದಲ್ಲಿ ಕೊರಮೀನಿಗೆಲ್ಲ ಮೈತುಂಬಾ ಹುಣ್ಣು ಬಂದು ಸಂತೆಯಲ್ಲಿ ಯಾರೂ ಮೀನು ಮುಟ್ಟುತ್ತಿರಲಿಲ್ಲ ಅಂತ. ಅದೂ ವೈರಸ್ಸೇ ಅಲ್ವಾ?

ಸೂಕ್ಷ್ಮದರ್ಶಕ

ಆಗ ಎಲ್ಲರೂ ಹಾಗೇ ಅಂದುಕೊಂಡಿದ್ದರು. ಹುಣ್ಣಾದ ಮೀನುಗಳಲ್ಲಿ ಕೆಲವು ವೈರಸ್ ಸಿಕ್ಕಿದ್ದೂ ಹೌದು. ಆದರೆ ಮೂಲ ಕಾರಣ ಅಫನೋಮೈಸಿಸ್ ಇನ್ವಡನ್ಸ್ ಅನ್ನೋ ಶಿಲೀಂಧ್ರದಂಥ ಜೀವಿ ಅಂತ ಆಮೇಲೆ ಗೊತ್ತಾಯಿತು. ಭಾರತಕ್ಕೆ ಆ ಕಾಯಿಲೆ ಬಂದಿದ್ದು 1988ರಲ್ಲಿ, ಈಶಾನ್ಯದ ಕಡೆಯಿಂದ. ಅಲ್ಲಿಂದ ದೇಶವೆಲ್ಲ ಹರಡಿತು. ಮಳೆ ಮುಗಿದು ಚಳಿ ಹಿಡಿಯುವಾಗ ಜಾಸ್ತಿ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯವರು ಸಿಫಾಕ್ಸ್ ಅಂತ ಔಷಧಿ ತಂದಿದ್ದು ಅದಕ್ಕೇ.

ಹುಣ್ಣು ಕಂಡರೆ ವೈರಸ್ ಅನ್ನೋ ಅಭ್ಯಾಸ ಅಲ್ಲಿಂದಲೇ ಉಳಿದಿರಬೇಕು.

ಕೋಟೆನಾಡು_ಗೆಂಡೆ (ಹಿರಿಯೂರು)

ನಮ್ಮ ಕಡೆ ಜಿಲೇಬಿ ಸಾಕೋದು ಕಡಿಮೆ, ಗೆಂಡೆಯೇ ಜಾಸ್ತಿ. ಕಾಟ್ಲಾ, ರೋಹು, ಮೃಗಾಲ್, ಜೊತೆಗೆ ಸಾಮಾನ್ಯ ಗೆಂಡೆ. ಯೂಟ್ಯೂಬಿನಲ್ಲಿ ಕೊಯಿ ಹರ್ಪಿಸ್ ಅಂತ ಒಂದು ನೋಡಿದೆ, ಗೆಂಡೆಯನ್ನೆಲ್ಲ ಸಾಯಿಸುತ್ತಂತೆ. ವಾಣಿವಿಲಾಸ ಸಾಗರಕ್ಕೆ ಬಂದರೆ ಗತಿ ಏನು?

ಸೂಕ್ಷ್ಮದರ್ಶಕ

ಯೂಟ್ಯೂಬ್ ಅರ್ಧ ಸರಿ. ಕೊಯಿ ಹರ್ಪಿಸ್ ಸಾಯಿಸೋದು ಸಾಮಾನ್ಯ ಗೆಂಡೆಯನ್ನು, ಮತ್ತೆ ಅದರದ್ದೇ ಬಣ್ಣದ ರೂಪವಾದ ಕೊಯಿಯನ್ನು. ಕಾಟ್ಲಾ, ರೋಹು, ಮೃಗಾಲ್‌ಗೆ ಅದರಿಂದ ಸಾವು ಬರೋದಿಲ್ಲ. 1998ರಲ್ಲಿ ಇಸ್ರೇಲ್, ಅಮೆರಿಕದಲ್ಲಿ ದೊಡ್ಡದಾಗಿ ಕಾಣಿಸಿತು. 2002ರಲ್ಲಿ ಇಂಡೋನೇಷ್ಯಾಕ್ಕೆ ಆಮದು ಕೊಯಿಯ ಜೊತೆ ಬಂದು ಊಟದ ಗೆಂಡೆ ಸಾಕುವವರನ್ನು ಮುಳುಗಿಸಿತು. 2003ರಲ್ಲಿ ಜಪಾನಿನ ಕಸುಮಿಗೌರ ಸರೋವರದಲ್ಲಿ ಸಾವಿರ ಟನ್ನಿಗೂ ಹೆಚ್ಚು ಗೆಂಡೆ ಹೋದವು. ಕಿವಿರು ಕೊಳೆತು ಬಿಳಿ ಕೆಂಪು ಪಟ್ಟೆ ಬೀಳುತ್ತೆ, ಕಣ್ಣು ಒಳಗೆ ಹೋಗುತ್ತೆ.

ಅದಕ್ಕೆ ನೀರಿನ ಶಾಖ ಸುಮಾರು 16ರಿಂದ 28 ಡಿಗ್ರಿ ಬೇಕು. ಹಿರಿಯೂರಿನ ಬೇಸಿಗೆಯಲ್ಲಿ ನೀರು 30 ದಾಟಿದಾಗ ಕಾಯಿಲೆ ಅಡಗುತ್ತೆ. ಅಡಗುತ್ತೆ ಅಂದೆ, ಹೋಗುತ್ತೆ ಅನ್ನಲಿಲ್ಲ. ಹರ್ಪಿಸ್ ಜಾತಿಯ ವೈರಸ್ ಬದುಕುಳಿದ ಮೀನಿನ ಮೈಯಲ್ಲೇ ಸುಮ್ಮನೆ ಕೂತಿರುತ್ತೆ, ತಂಪಾದಾಗ, ಮೀನು ಸುಸ್ತಾದಾಗ ಮತ್ತೆ ಏಳುತ್ತೆ.

ಸ್ಪ್ರಿಂಗ್ ವೈರೀಮಿಯಾ ಅಂತ ಇನ್ನೊಂದು ಹೆಸರು ಕೇಳಿರ್ತೀರಿ. ಅದಕ್ಕೆ 10ರಿಂದ 17 ಡಿಗ್ರಿ ತಂಪು ಬೇಕು. ನಮ್ಮ ಬಯಲುಸೀಮೆ ಕೆರೆಯಲ್ಲಿ ಅಷ್ಟು ತಂಪು ಎಲ್ಲಿಂದ ಬರಬೇಕು? ಅದರ ಚಿಂತೆ ಬಿಡಿ.

ಗಾಜಿನಪೆಟ್ಟಿಗೆ (ದಾವಣಗೆರೆ)

ನಾನು ಅಕ್ವೇರಿಯಂ ಹವ್ಯಾಸದವನು. ಕೊಯಿ, ಗೋಲ್ಡ್‌ಫಿಶ್ ಇಟ್ಟಿದ್ದೇನೆ. ಮೇಡಂ ಬರೆದದ್ದು ಓದಿ ಸ್ವಲ್ಪ ಗಾಬರಿ ಆಯ್ತು. ನಮ್ಮ ಹುಡುಗರು ಬೇಜಾರಾದರೆ ಮೀನನ್ನು ಕುಂದವಾಡ ಕೆರೆಗೆ ಬಿಟ್ಟು ಬರ್ತಾರೆ, 'ಪಾಪ ಬದುಕಿಕೊಳ್ಳಲಿ' ಅಂತ.

ಸೂಕ್ಷ್ಮದರ್ಶಕ

ದಯವಿಟ್ಟು ಅವರಿಗೆ ಹೇಳಿ, ಬಿಡಬೇಡಿ ಅಂತ. ಗೋಲ್ಡ್‌ಫಿಶ್‌ಗೆ ಅದರದ್ದೇ ಒಂದು ಹರ್ಪಿಸ್ ವೈರಸ್ ಇದೆ, ಜಪಾನಿನಲ್ಲಿ 1992ರಲ್ಲಿ ಮೊದಲು ಕಂಡದ್ದು, ಭಾರತದಲ್ಲೂ 2016ರಲ್ಲಿ ವರದಿಯಾಯಿತು. ಕೊಯಿಗೆ ಕಾರ್ಪ್ ಎಡಿಮಾ ಅಂತ ಪಾಕ್ಸ್ ಗುಂಪಿನ ವೈರಸ್, ಅದೂ ನಮ್ಮ ದೇಶದಲ್ಲಿ ಸಿಕ್ಕಿದೆ. ಅದು ಬಂದ ಕೊಯಿ ತೊಟ್ಟಿಯ ತಳದಲ್ಲಿ ನಿದ್ದೆ ಮಾಡಿದ ಹಾಗೆ ಬಿದ್ದಿರುತ್ತೆ. ಲೀಟರಿಗೆ 5 ಗ್ರಾಂ ಕಲ್ಲುಪ್ಪು ಹಾಕಿದ ನೀರಿನಲ್ಲಿ ಇಟ್ಟರೆ ಬಹಳಷ್ಟು ಉಳಿದುಕೊಳ್ಳುತ್ತವೆ. ಇದು ಕೊಯಿ ತೊಟ್ಟಿಗೆ ಹೇಳಿದ ಮಾತು. ಹೊಂಡಕ್ಕೆ ಉಪ್ಪಿನ ಮೂಟೆ ಸುರಿಯಬೇಡಿ ಯಾರೂ.

ಅಲಂಕಾರದ ಮೀನು ವಿಮಾನದಲ್ಲಿ ಊರೂರು ತಿರುಗುತ್ತೆ. ಅದನ್ನು ತಂದು ಊಟದ ಮೀನು ಇರುವ ಕೆರೆಗೆ ಬಿಡೋದು ಇದರಲ್ಲೆಲ್ಲ ಕೆಟ್ಟ ಕೆಲಸ.

ಅಡಿಕೆತೋಟ_ಮೀನು

ಮೇಡಂ, ಮತ್ತೆ ನನ್ನ ಹೊಂಡದ ವಿಷಯಕ್ಕೆ ಬನ್ನಿ. ನಿನ್ನೆ ಸತ್ತ ಮೀನು ಒಂದಷ್ಟು ಆರಿಸಿ ಫ್ರೀಜರಿನಲ್ಲಿ ಇಟ್ಟಿದ್ದೇನೆ. ಅದನ್ನೇ ಲ್ಯಾಬಿಗೆ ಕಳಿಸಿದರೆ ಸಾಕಾ?

ಸೂಕ್ಷ್ಮದರ್ಶಕ

ಸಾಲದು. ತೇಲಿ ಬಂದು ಬಿಸಿಲಿಗೆ ಬೆಂದ ಮೀನಿನಲ್ಲಿ ನೀರಿನ ಬ್ಯಾಕ್ಟೀರಿಯಾ ತುಂಬಿಕೊಂಡಿರುತ್ತೆ, ಆರ್‌ಎನ್‌ಎ ಚೂರುಚೂರಾಗಿರುತ್ತೆ. ಅಂಥದ್ದರಲ್ಲಿ ವೈರಸ್ ಇಲ್ಲ ಅಂತ ವರದಿ ಬಂದರೆ ಆ 'ಇಲ್ಲ'ಕ್ಕೆ ಬೆಲೆ ಇಲ್ಲ. ಲ್ಯಾಬಿಗೆ ಬೇಕಾಗಿರೋದು ಸಾಯೋಕೆ ಹತ್ತಿರ ಇರುವ, ಆದರೆ ಇನ್ನೂ ಉಸಿರಾಡುತ್ತಿರುವ ಮೀನು. ದಡದಲ್ಲಿ ಮಂಕಾಗಿ ನಿಂತಿವೆ ಅಂದಿರಲ್ಲ, ಅವೇ.

ಎಲ್ಲಕ್ಕಿಂತ ಒಳ್ಳೆಯದು ಆಮ್ಲಜನಕ ತುಂಬಿದ ಚೀಲದಲ್ಲಿ ಜೀವಂತ ಮೀನನ್ನೇ ಲ್ಯಾಬಿಗೆ ತಲುಪಿಸೋದು. ಆಗ ಅವರು ಬ್ಯಾಕ್ಟೀರಿಯಾ ಬೆಳೆಸಿ ನೋಡ್ತಾರೆ, ಕಿವಿರಿನ ಪರಾವಲಂಬಿ ನೋಡ್ತಾರೆ, ವೈರಸ್ಸಿನ ವಂಶವಾಹಿ ಹುಡುಕುವ ಪಿಸಿಆರ್ ಪರೀಕ್ಷೆ ಮಾಡ್ತಾರೆ. ಒಂದೇ ಮೀನು ನಾಲ್ಕು ಪ್ರಶ್ನೆಗೆ ಉತ್ತರ ಕೊಡುತ್ತೆ. ಆಗದಿದ್ದರೆ ಮೀನುಗಾರಿಕೆ ಇಲಾಖೆಯವರನ್ನು ಕರೆಸಿ ಅಲ್ಲೇ ಕೊಯ್ಯಿಸಿ. ಈ ವೈರಸ್‌ಗೆ ಮುಖ್ಯವಾಗಿ ಯಕೃತ್ತು ಮತ್ತು ಮೆದುಳು ಬೇಕು, ಜೊತೆಗೆ ಮೂತ್ರಪಿಂಡ, ಗುಲ್ಮ. ಸಣ್ಣ ಸಣ್ಣ ತುಂಡು. 95 ಭಾಗ ಎಥನಾಲ್‌ನಲ್ಲಿ, ಅಥವಾ ಆರ್‌ಎನ್‌ಎ ಕಾಪಾಡುವ ದ್ರಾವಣ ಅವರ ಹತ್ತಿರ ಇದ್ದರೆ ಅದರಲ್ಲಿ. ತುಂಡು ಒಂದು ಪಾಲಾದರೆ ದ್ರವ ಹತ್ತು ಪಾಲು ಇರಲಿ. ಇನ್ನೊಂದು ಬಾಟಲಿಯಲ್ಲಿ ಫಾರ್ಮಲಿನ್, ಅದು ಸೂಕ್ಷ್ಮದರ್ಶಕದ ಕೆಳಗೆ ಅಂಗಾಂಶ ನೋಡೋಕೆ. ಈ ವೈರಸ್ ಬಂದ ಯಕೃತ್ತಿನಲ್ಲಿ ಜೀವಕೋಶಗಳು ಒಂದಕ್ಕೊಂದು ಕೂಡಿ ದೊಡ್ಡ ಮುದ್ದೆಯಾಗಿರುತ್ತವೆ, ಅದನ್ನು ನೋಡಿದರೆ ಅರ್ಧ ಅನುಮಾನ ಹೋಗುತ್ತೆ. ಫಾರ್ಮಲಿನ್ ತುಂಡನ್ನು ಪಿಸಿಆರ್‌ಗೆ, ಎಥನಾಲ್ ತುಂಡನ್ನು ಅಂಗಾಂಶಕ್ಕೆ ಅಂತ ಅದಲು ಬದಲು ಮಾಡಿದರೆ ಎರಡೂ ಹಾಳು.

ಚೀಟಿ ಬರೆದು ಹಾಕಿ: ಯಾವ ಜಾತಿ, ಮರಿ ಯಾವಾಗ ಬಂತು, ಎಲ್ಲಿಂದ, ಸಾವು ಶುರುವಾದ ದಿನ, ನೀರಿನ ಶಾಖ, ಏನೇನು ಔಷಧಿ ಹಾಕಿದ್ದೀರಿ. ಲ್ಯಾಬಿನವರಿಗೆ ಬಾಟಲಿಗಿಂತ ಚೀಟಿ ಎಷ್ಟೋ ಸಲ ಜಾಸ್ತಿ ಹೇಳುತ್ತೆ.

ಕೆರೆಸಂಘ (ಜಗಳೂರು)

ಎಲ್ಲಿ ಕೊಡಬೇಕು ಅನ್ನೋದನ್ನೂ ಹೇಳಿ ಮೇಡಂ. ಜಗಳೂರಿನಿಂದ ಮಂಗಳೂರು ಎಲ್ಲಿ, ನಾವೆಲ್ಲಿ.

ಸೂಕ್ಷ್ಮದರ್ಶಕ

ಮೊದಲ ಬಾಗಿಲು ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿ. ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಹಿರಿಯೂರಿನಲ್ಲಿ ಬಬ್ಬೂರು ಫಾರಂನ ಕೇಂದ್ರ ಇವೆ, ಅಲ್ಲಿ ಕೇಳಿದರೆ ದಾರಿ ತೋರಿಸ್ತಾರೆ. ನಮಗೆ ಹತ್ತಿರದ ದೊಡ್ಡ ಜಾಗ ಬೆಂಗಳೂರಿನ ಹೆಸರಘಟ್ಟ, ಭುವನೇಶ್ವರ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಅಲ್ಲಿದೆ. ಮಂಗಳೂರಿನ ಕಾಲೇಜು ಇದ್ದೇ ಇದೆ. ಹೋಗೋ ಮುಂಚೆ ಫೋನ್ ಮಾಡಿ, ಭಾನುವಾರ ಬಾಗಿಲಲ್ಲಿ ಚೀಲ ಹಿಡಿದು ನಿಲ್ಲಬೇಡಿ.

ದೇಶದ ಮಟ್ಟದಲ್ಲಿ ಲಖನೌದ ರಾಷ್ಟ್ರೀಯ ಮೀನು ಅನುವಂಶಿಕ ಸಂಪನ್ಮೂಲ ಬ್ಯೂರೋ 2013ರಿಂದ ಜಲಪ್ರಾಣಿ ರೋಗಗಳ ಕಣ್ಗಾವಲು ಯೋಜನೆ ನಡೆಸುತ್ತಿದೆ. 2023ರಲ್ಲಿ 'ರಿಪೋರ್ಟ್ ಫಿಶ್ ಡಿಸೀಸ್' ಅನ್ನೋ ಮೊಬೈಲ್ ಆ್ಯಪ್ ಬಂದಿದೆ. ರೈತರೇ ಫೋಟೋ ಹಾಕಿ ತಿಳಿಸಬಹುದು.

ಬಲೆ_ತೆಪ್ಪ

ತಿಳಿಸಿದರೆ ಏನಾಗುತ್ತೆ ಗೊತ್ತಾ? ಮಾರನೆ ದಿನ ಊರಲ್ಲೆಲ್ಲ 'ಅವರ ಹೊಂಡದಲ್ಲಿ ವೈರಸ್' ಅಂತ ಸುದ್ದಿ. ಮೀನು ಕೊಳ್ಳೋಕೆ ಬರ್ತಿದ್ದವನು ಬರಲ್ಲ. ಬಂದವನು ಅರ್ಧ ರೇಟು ಕೇಳ್ತಾನೆ. ಅದಕ್ಕೇ ಜನ ಬಾಯಿ ಮುಚ್ಚಿಕೊಂಡು, ಸಾಯೋ ಮುಂಚೆ ಬಲೆ ಹಾಕಿ ಹಿಡಿದು ಸಂತೆಗೆ ಸಾಗಿಸ್ತಾರೆ. ಅವರನ್ನು ಬೈದು ಏನು ಪ್ರಯೋಜನ?

ನೀರಗಂಟಿ

ಬೈಯೋಣ ಬಿಡಿ ಸ್ವಲ್ಪ. ಸಂತೆಗೆ ಸಾಗಿಸಿದರೆ ಸರಿ, ತಿಂದು ಮುಗೀತು. ಆದರೆ ಸಣ್ಣ ಮೀನು ಸಂತೆಗೆ ಹೋಗಲ್ಲ. ಪಕ್ಕದ ಊರಿನವನಿಗೆ 'ಬೆಳೆದ ಮರಿ, ಕಡಿಮೆ ರೇಟು' ಅಂತ ಮಾರ್ತಾರೆ. ಅಲ್ಲಿಂದ ಶುರು.

ಮನೆಯೂಟ (ಚಿತ್ರದುರ್ಗ)

ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ತಿಂದು ಮುಗೀತು ಅಂದರಲ್ಲ, ತಿಂದವರಿಗೆ ಏನೂ ಆಗಲ್ವಾ? ನಮ್ಮ ದುರ್ಗಕ್ಕೆ ಸೂಳೆಕೆರೆ ನೀರು ಕುಡಿಯೋಕೆ ಬರುತ್ತೆ. ಚನ್ನಗಿರಿ ಹೊಂಡದ ವೈರಸ್ ನಮ್ಮ ನಲ್ಲಿಗೆ ಬಂದರೆ?

ಸೂಕ್ಷ್ಮದರ್ಶಕ

ಇಲ್ಲ. ಇಲ್ಲಿ ಹೆಸರು ಬಂದ ಯಾವ ವೈರಸ್ಸೂ ಮನುಷ್ಯರಿಗೆ ಅಂಟೋದಿಲ್ಲ. ಕೊಳೆತ ಮೀನು ತಿಂದರೆ ಹೊಟ್ಟೆ ಕೆಡುತ್ತೆ, ಅದಕ್ಕೆ ವೈರಸ್ ಬೇಕಾಗಿಲ್ಲ. ತಾಜಾ ಮೀನನ್ನು ಚೆನ್ನಾಗಿ ಬೇಯಿಸಿ ಆರಾಮಾಗಿ ತಿನ್ನಿ. ಬಲೆ_ತೆಪ್ಪ ಅವರು ಹೇಳಿದ ರೇಟು ಬೀಳೋ ಸಮಸ್ಯೆಗೂ ಇದೇ ಉತ್ತರ. ಕೊಳ್ಳುವವರಿಗೆ ಇದು ಗೊತ್ತಿದ್ದರೆ ಅರ್ಧ ರೇಟು ಯಾಕೆ ಕೇಳ್ತಾರೆ?

ಒಂದು ಮಾತು ಮಾತ್ರ. ಆ ಮೀನು ಕ್ಲೀನ್ ಮಾಡಿದ ನೀರು, ಕರುಳು ಯಾವ ಕಾರಣಕ್ಕೂ ಕೆರೆ ಕಾಲುವೆಗೆ ಹೋಗಬಾರದು. ಮನುಷ್ಯರಿಗೆ ಅಂಟಲ್ಲ, ಕೆರೆಯ ಜಿಲೇಬಿಗೆ ಅಂಟುತ್ತೆ.

ಕೆರೆಸಂಘ

ಇಲ್ಲೇ ನನ್ನ ಭಯ. ಮೊದಲು ನಮ್ಮ ಜಗಳೂರು ಕೆರೆಗಳು ಒಂದಕ್ಕೊಂದು ಸಂಬಂಧ ಇಲ್ಲದೆ ಒಣಗಿ ಬಿದ್ದಿರುತ್ತಿದ್ದವು. ಈಗ 57 ಕೆರೆ ತುಂಬಿಸೋ ಯೋಜನೆಯಲ್ಲಿ ತುಂಗಭದ್ರಾ ನೀರು ಪೈಪಿನಲ್ಲಿ ಬರುತ್ತೆ. ನೀರು ಬಂತು ಅಂತ ಕುಣಿದಾಡಿದವರಲ್ಲಿ ನಾನೂ ಒಬ್ಬ, ಇವತ್ತೂ ಖುಷಿಯೇ. ಆದರೆ ಯಾರೂ ಬಿಡದ ಜಿಲೇಬಿ ನಮ್ಮ ಕೆರೆಯಲ್ಲಿ ತುಂಬಿಕೊಂಡಿದೆ. ಮೀನು ಬಂದ ದಾರಿಯಲ್ಲಿ ಕಾಯಿಲೆ ಬರಲ್ವಾ?

ಕೋಟೆನಾಡು_ಗೆಂಡೆ

ನಮ್ಮಲ್ಲೂ ಅಷ್ಟೇ. ವಾಣಿವಿಲಾಸ ಕೋಡಿ ಬಿದ್ದಿದ್ದು 1933ರಲ್ಲಿ, ಆಮೇಲೆ 2022ರವರೆಗೆ ಬೀಳಲೇ ಇಲ್ಲ. ಆ ವರ್ಷ ಕೋಡಿ ನೀರಿನ ಜೊತೆ ಕೆಳಗೆ ಹೋದ ಮೀನಿಗೆ ಲೆಕ್ಕ ಇಲ್ಲ. ವೇದಾವತಿಯ ಗುಂಡಿಗಳಲ್ಲಿ ಜನ ಸೀರೆ ಹಿಡಿದು ಹಿಡಿದರು. ನೀರಿನ ಜೊತೆ ಮೀನು ಹೋಗೋದನ್ನು ಯಾರು ತಡೀತಾರೆ?

ಸೂಕ್ಷ್ಮದರ್ಶಕ

ಕೋಡಿಯನ್ನು ತಡೆಯೋಕೆ ಆಗಲ್ಲ. ಹರಿಯುವ ನೀರಿನಲ್ಲಿ ವೈರಸ್ ಹೋಗುತ್ತೆ ಅನ್ನೋದೂ ನಿಜ. ಆದರೆ ದೊಡ್ಡ ನೀರಿನಲ್ಲಿ ಅದು ತೆಳುವಾಗುತ್ತೆ, ಮೀನು ಸಿಗದಿದ್ದರೆ ಕೆಲ ಕಾಲದಲ್ಲಿ ಸಾಯುತ್ತೆ. ಲಾರಿಯ ತೊಟ್ಟಿಯಲ್ಲಿ ಬರೋ ಮರಿ ಹಾಗಲ್ಲ. ಇಡೀ ದೇಶದ ದೂರವನ್ನು ಎರಡು ರಾತ್ರಿಯಲ್ಲಿ ದಾಟುತ್ತೆ, ಇಕ್ಕಟ್ಟಿನಲ್ಲಿ ಒಂದಕ್ಕೊಂದು ಉಜ್ಜಿಕೊಂಡು ಬರುತ್ತೆ, ಸುಸ್ತಾಗಿರುತ್ತೆ. ಒಂದು ಮೀನಿಗಿದ್ದ ಕಾಯಿಲೆ ಇಳಿಸುವ ಹೊತ್ತಿಗೆ ನೂರಕ್ಕೆ ಬಂದಿರುತ್ತೆ. ಕೆರೆ ನೀರಿನ ಚಿಂತೆ ಮಾಡುವ ಸಂಘ ಮರಿಯ ಚೀಲ ಬಿಚ್ಚುವಾಗ ಯಾಕೆ ಚಿಂತೆ ಮಾಡಲ್ಲ ಅನ್ನೋದೇ ನನ್ನ ತಕರಾರು.

ಎರಡನೆಯದು ಬಲೆ. ಹಿಡಿಯೋ ತಂಡದವರು ಬೆಳಿಗ್ಗೆ ಒಂದು ಕೆರೆ, ಮಧ್ಯಾಹ್ನ ಇನ್ನೊಂದು ಕೆರೆ ಅಂತ ಒದ್ದೆ ಬಲೆಯನ್ನೇ ಹೊತ್ತುಕೊಂಡು ಹೋಗ್ತಾರೆ.

ಬಲೆ_ತೆಪ್ಪ

ಸತ್ಯ. ಒಣಗಿಸೋಕೆ ಪುರುಸೊತ್ತು ಎಲ್ಲಿ ಮೇಡಂ? ಆದರೆ ಕೆರೆ ಗುತ್ತಿಗೆ ಹಿಡಿದವರು 'ನಮ್ಮ ಕೆರೆಗೆ ಒಣಗಿದ ಬಲೆಯೇ ಬೇಕು' ಅಂತ ಹಠ ಹಿಡಿದರೆ ನಾವು ಇನ್ನೊಂದು ಜೊತೆ ಬಲೆ ಇಟ್ಟುಕೊಳ್ತೀವಿ. ಇಲ್ಲಿಯವರೆಗೆ ಯಾರೂ ಕೇಳಿಲ್ಲ.

ಅಡಿಕೆತೋಟ_ಮೀನು

ಇವತ್ತಿನ ಸುದ್ದಿ ಹೇಳ್ತೀನಿ. ಇಲಾಖೆಯವರು ಬಂದಿದ್ದರು. ಮಂಕಾದ ಮೀನುಗಳನ್ನು ಹಿಡಿದು ಅಲ್ಲೇ ಕೊಯ್ದು ಬಾಟಲಿಗೆ ಹಾಕಿಕೊಂಡರು, ಕೆಲವನ್ನು ಜೀವಂತವಾಗಿ ಚೀಲದಲ್ಲಿ ಒಯ್ದರು. ವರದಿ ಬರೋಕೆ ಸಮಯ ಬೇಕಂತೆ. ಅಲ್ಲಿಯವರೆಗೆ ಏನು ಮಾಡಲಿ? ಅಂಗಡಿಯವರು ದಿನಾ ಫೋನ್ ಮಾಡಿ 'ಔಷಧಿ ಹಾಕಿದ್ರಾ' ಅಂತ ಕೇಳ್ತಿದ್ದಾರೆ.

ಸೂಕ್ಷ್ಮದರ್ಶಕ

ವರದಿ ಏನೇ ಬರಲಿ, ಈಗ ಮಾಡೋ ಕೆಲಸ ಒಂದೇ. ವೈರಸ್ ಇದೆ ಅಂದುಕೊಂಡೇ ನಡೆಯಿರಿ.

ಹೊಂಡದಿಂದ ಜೀವಂತ ಮೀನು, ನೀರು, ಬಲೆ, ಬಕೆಟ್ ಏನೂ ಆಚೆ ಹೋಗಬಾರದು. ಹೊಂಡದ ನೀರನ್ನು ಹಳ್ಳಕ್ಕೆ ಬಿಡಬೇಡಿ. ಸತ್ತ ಮೀನನ್ನು ದಿನಕ್ಕೆ ಎರಡು ಸಲ ತೆಗೆಯಿರಿ, ಯಾಕೆಂದರೆ ಬದುಕಿರುವವು ಅದನ್ನು ಕಚ್ಚಿ ತಿನ್ನುತ್ತವೆ. ನೀರಿನ ಸೆಲೆಯಿಂದ ದೂರ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿ, ನಾಯಿ ಕೆದರದಷ್ಟು ಆಳ ಇರಲಿ. ಹೊಂಡದ ಮೇಲೆ ಹಕ್ಕಿ ಬಲೆ ಕಟ್ಟೋಕೆ ಆದರೆ ಕಟ್ಟಿ, ಬೆಳ್ಳಕ್ಕಿ ಮಿಂಚುಳ್ಳಿ ಒಂದು ಕಡೆ ಹಿಡಿದದ್ದನ್ನು ಇನ್ನೊಂದು ಕಡೆ ಬೀಳಿಸುತ್ತವೆ. ಮೇವು ಕಡಿಮೆ ಮಾಡಿ, ಏರೇಟರ್ ನಿಲ್ಲಿಸಬೇಡಿ, ತೂಕ ನೋಡೋಕೆ ಅಂತ ಬಲೆ ಎಳೆದು ಮೀನನ್ನು ಗಾಬರಿ ಮಾಡಬೇಡಿ.

ಡಬ್ಬಿ ವಿಷಯ: ಈ ವೈರಸ್ಸನ್ನು ಕೊಲ್ಲುವ, ಹೊಂಡಕ್ಕೆ ಸುರಿಯುವ ಔಷಧಿ ಇಲ್ಲ. ಆಂಟಿಬಯೋಟಿಕ್ ಕೆಲಸ ಮಾಡೋದು ಬ್ಯಾಕ್ಟೀರಿಯಾ ಮೇಲೆ. ಬ್ಯಾಕ್ಟೀರಿಯಾ ಸಿಕ್ಕಿತು ಅಂತ ವರದಿ ಬಂದರೆ, ಯಾವುದು ನಾಟುತ್ತೆ ಅಂತ ಲ್ಯಾಬ್ ಹೇಳಿದರೆ ಆಗ ಯೋಚಿಸಿ. ಈಗಲೇ ಪುಡಿ ಕಲಸಿದರೆ ದುಡ್ಡೂ ಹೋಗುತ್ತೆ, ಮುಂದೆ ನಿಜವಾಗಿ ಬೇಕಾದಾಗ ಅದು ನಾಟೋದೂ ಇಲ್ಲ. ಪುಡಿಯ ಮೇಲೆ ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್ ಅಂತ ಇದೆಯಾ ನೋಡಿ. ಅವು ಮೀನು ಸಾಕಣೆಯಲ್ಲಿ ನಿಷೇಧ.

ನೀರಗಂಟಿ

ಅಂಗಡಿಯವರಿಗೆ ಹೇಳಿ, 'ವರದಿ ಬರಲಿ, ಆಮೇಲೆ ಡಬ್ಬಿ ವಾಪಸ್ ಮಾಡ್ತೀನಿ' ಅಂತ. ಫೋನ್ ನಿಲ್ಲುತ್ತೆ.

ಮೇಡಂ, ಒಂದು ಪ್ರಶ್ನೆ ಉಳೀತು. ವರದಿ 'ಇಲ್ಲ' ಅಂತ ಬಂದರೆ ನಂಬಬಹುದಾ? ಕೋವಿಡ್ ಕಾಲದಲ್ಲಿ ಇವತ್ತು ನೆಗೆಟಿವ್, ನಾಡಿದ್ದು ಪಾಸಿಟಿವ್ ಆದವರನ್ನು ಕಂಡಿದ್ದೀವಿ.

ಸೂಕ್ಷ್ಮದರ್ಶಕ

ಪರೀಕ್ಷೆ ಅದೇ ಜಾತಿಯದ್ದು, ಆರ್‌ಟಿ-ಪಿಸಿಆರ್. ಸಾಯುತ್ತಿರುವ ಮೀನಿನ ಯಕೃತ್ತಿನಲ್ಲಿ ವೈರಸ್ ತುಂಬಿರುತ್ತೆ, ಅಲ್ಲಿ ತಪ್ಪಿಹೋಗೋದು ಅಪರೂಪ. ಕಷ್ಟ ಇರೋದು ಆರೋಗ್ಯವಾಗಿ ಕಾಣುವ ಮರಿಯಲ್ಲಿ. ಅಲ್ಲಿ ಎಷ್ಟು ಮರಿ ಆರಿಸಿಕೊಂಡಿರಿ ಅನ್ನೋದರ ಮೇಲೆ ಎಲ್ಲ ನಿಂತಿದೆ.

ಲೆಕ್ಕ ಹೇಳ್ತೀನಿ. ಸಾವಿರಾರು ಮರಿಯ ತೊಟ್ಟಿಯಲ್ಲಿ ನೂರಕ್ಕೆ 5 ಮರಿಗೆ ಸೋಂಕಿದೆ ಅಂದುಕೊಳ್ಳಿ. ಕಣ್ಣು ಮುಚ್ಚಿ ಒಂದು ಮರಿ ತೆಗೆದರೆ ಅದು ಚೆನ್ನಾಗಿರುವ ಸಾಧ್ಯತೆ 95%. ಹತ್ತು ಮರಿ ತೆಗೆದರೆ ಹತ್ತೂ ಚೆನ್ನಾಗಿರುವ ಸಾಧ್ಯತೆ ಸುಮಾರು 60%. ಅಂದರೆ ಹತ್ತು ಮರಿ ಪರೀಕ್ಷೆ ಮಾಡಿ 'ವೈರಸ್ ಇಲ್ಲ' ಅಂತ ಸರ್ಟಿಫಿಕೇಟ್ ಕೊಟ್ಟ ಹ್ಯಾಚರಿಯವನು ಸುಳ್ಳು ಹೇಳದೆಯೇ ನಿಮಗೆ ಸೋಂಕಿನ ಮರಿ ಕೊಡಬಹುದು. 60 ಮರಿ ತೆಗೆದರೆ ಎಲ್ಲವೂ ತಪ್ಪಿಸಿಕೊಳ್ಳುವ ಸಾಧ್ಯತೆ 5%ಕ್ಕಿಂತ ಕೆಳಗೆ ಇಳಿಯುತ್ತೆ. ನೂರಕ್ಕೆ 2 ಮರಿಗೆ ಮಾತ್ರ ಇದ್ದರೆ ಅಷ್ಟೇ ಭರವಸೆಗೆ 150 ಬೇಕು. ಐದೈದು ಮರಿ ಸೇರಿಸಿ ಒಂದು ಪರೀಕ್ಷೆ ಮಾಡಿದರೆ 60 ಮರಿಗೆ 12 ಪರೀಕ್ಷೆ ಸಾಕು.

ಹಾಗಾಗಿ ಸರ್ಟಿಫಿಕೇಟ್ ತೋರಿಸಿದಾಗ ಕೇಳಬೇಕಾದ್ದು 'ಎಷ್ಟು ಮರಿ ನೋಡಿದ್ರಿ, ಯಾವಾಗ ನೋಡಿದ್ರಿ, ಇದೇ ತೊಟ್ಟಿಯದಾ' ಅಂತ. ಹೋದ ವರ್ಷದ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹಾಕಿರೋದನ್ನು ನೋಡಿದ್ದೇನೆ.

ಕೆರೆಸಂಘ

60ರ ಲೆಕ್ಕ ಬರೆದಿಟ್ಟುಕೊಂಡೆ. ಮುಂದಿನ ಸಂಘದ ಸಭೆಯಲ್ಲಿ ಹೇಳ್ತೀನಿ. ಸಂಘದಿಂದ ಒಟ್ಟಾಗಿ ಮರಿ ತರಿಸ್ತೀವಿ, ಹಾಗಾಗಿ ಪರೀಕ್ಷೆ ಖರ್ಚು ಹಂಚಿಕೊಂಡರೆ ಒಬ್ಬೊಬ್ಬರ ಮೇಲೆ ಜಾಸ್ತಿ ಬೀಳಲ್ಲ. ಬಂದ ಮರಿಯನ್ನು ನೇರ ಕೆರೆಗೆ ಬಿಡೋ ಬದಲು ಕೆರೆಯಲ್ಲೇ ಹಾಪಾ, ಅಂದರೆ ಪೆಟ್ಟಿಗೆಯಂಥ ಬಲೆ ಕಟ್ಟಿ ಎರಡು ಮೂರು ವಾರ ಬೇರೆ ಇಟ್ಟು ನೋಡೋಣ ಅಂತಿದ್ದೀವಿ. ಸರಿನಾ?

ಸೂಕ್ಷ್ಮದರ್ಶಕ

ಬೇರೆ ಇಡೋದು ಸರಿ, ಕೆರೆಯಲ್ಲಿ ಹಾಪಾ ಕಟ್ಟೋದು ತಪ್ಪು. ಹಾಪಾ ಮೀನನ್ನು ತಡೆಯುತ್ತೆ, ನೀರನ್ನು ತಡೆಯಲ್ಲ. ವೈರಸ್ ಬಲೆಯ ಕಣ್ಣಿನಿಂದ ಆಚೆ ಹೋಗಿ ಕೆರೆ ಸೇರುತ್ತೆ. ಕೆರೆಯಿಂದ ದೂರ ಟಾರ್ಪಾಲಿನ್ ತೊಟ್ಟಿ ಮಾಡಿ. ಹೊಸ ಮರಿಯ ಜೊತೆ ನಿಮ್ಮ ಕೆರೆಯದ್ದೇ ಅದೇ ಜಾತಿಯ ಕೆಲವು ಮರಿ ಬಿಡಿ, ರೆಕ್ಕೆಯ ತುದಿ ಸ್ವಲ್ಪ ಕತ್ತರಿಸಿ ಗುರುತು ಮಾಡಿ. ಹೊಸ ಮರಿ ದೂರ ಬಂದ ಸುಸ್ತಿಗೆ ಒಂದಷ್ಟು ಸಾಯುತ್ತವೆ, ಅದು ಲೆಕ್ಕಕ್ಕೆ ಇಲ್ಲ. ನಿಮ್ಮ ಗುರುತಿನ ಮರಿ ಸಾಯೋಕೆ ಶುರುವಾದರೆ ಕಾಯಿಲೆ ಬಂದಿದೆ ಅಂತ ಅರ್ಥ, ತಕ್ಷಣ ಲ್ಯಾಬಿಗೆ ಕಳಿಸಿ.

ಬಲೆ_ತೆಪ್ಪ

ಆ ತೊಟ್ಟಿಗೆ ಹಾಕೋ ಕೈಬಲೆ ಕೆರೆಗೆ ತರಬೇಡಿ ಮತ್ತೆ. ತೊಟ್ಟಿಯ ಪಕ್ಕದಲ್ಲೇ ಗೂಟಕ್ಕೆ ನೇತು ಹಾಕಿ.

ಕೆರೆಸಂಘ

ಆಯ್ತಣ್ಣ. ಕೊನೇದಾಗಿ ಮೇಡಂ, ತೊಟ್ಟಿಯಲ್ಲಿ ಮರಿ ಸತ್ತರೆ ಆ ನೀರನ್ನು ಏನು ಮಾಡೋದು? ಪಕ್ಕದಲ್ಲಿ ತೆಂಗಿನ ಸಸಿ ಇವೆ.

ಸೂಕ್ಷ್ಮದರ್ಶಕ

ಬ್ಲೀಚಿಂಗ್ ಪೌಡರ್ ಕಲಸಿ, ಏರೇಟರ್ ಬಿಟ್ಟು, ಮಾರನೆ ದಿನದವರೆಗೆ ಬಿಡಿ. ಕ್ಲೋರಿನ್ ವಾಸನೆ ಪೂರ್ತಿ ಹೋದ ಮೇಲೆ ತೆಂಗಿಗೆ ಬಿಡಬಹುದು, ಇಳಿಜಾರು ಕೆರೆ ಕಡೆಗೆ ಇಲ್ಲದಿದ್ದರೆ ಮಾತ್ರ. ಟಾರ್ಪಾಲನ್ನು ಉಜ್ಜಿ ತೊಳೆದು ಬಿಸಿಲಿಗೆ ಹಾಕಿ. ಜಗಳೂರಿನ ಬಿಸಿಲಿಗೆ ಅದನ್ನು ಒಣಗಿಸೋದೇನೂ ಕಷ್ಟ ಇಲ್ಲ.